ಫಿಸಿಕ್ಸ್ ಪದವಿಗೆ ಮುಂಚಿನ ಹತ್ತು ವಾರ: ಯಾವ ತಯಾರಿ, ಯಾರಿಗೆ, ಎಷ್ಟು?

ಮಾರ್ಚ್‌ನಲ್ಲಿ ಎರಡನೇ ಪಿಯುಸಿ ಪರೀಕ್ಷೆ, ಏಪ್ರಿಲ್‌ನಲ್ಲಿ ಸಿಇಟಿ. ಬಿಎಸ್ಸಿ ತರಗತಿಗಳು ಒಂದು ಹದಕ್ಕೆ ಬರುವಷ್ಟರಲ್ಲಿ ಜುಲೈ ಕೊನೆಯೋ ಆಗಸ್ಟೋ ಆಗಿರುತ್ತದೆ. ನಡುವೆ ಕೈಗೆ ಸಿಗುವುದು ಹತ್ತು ಹನ್ನೆರಡು ವಾರ. ಫಿಸಿಕ್ಸ್ ತೆಗೆದುಕೊಳ್ಳಲು ಹೊರಟವರು ಆಗ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಪಿಯುಸಿ ಪುಸ್ತಕವನ್ನೇ ಮತ್ತೆ ಓದಬೇಕೆ, ಎಚ್.ಸಿ. ವರ್ಮಾ ಪುಸ್ತಕ ಹಿಡಿಯಬೇಕೆ, ಫೈನ್‌ಮನ್ ಉಪನ್ಯಾಸಗಳನ್ನು ಓದಬೇಕೆ, ಎಂಐಟಿಯ ವಿಡಿಯೊ ನೋಡಬೇಕೆ, ಪೈಥಾನ್ ಪ್ರೋಗ್ರಾಮಿಂಗ್ ಕಲಿಯಬೇಕೆ, ಪಿಯುಸಿಗೂ ಪದವಿಗೂ ನಡುವಿನ ಅಂತರ ತುಂಬುವ ಬ್ರಿಡ್ಜ್ ಕೋರ್ಸನ್ನು ದುಡ್ಡು ಕೊಟ್ಟು ಸೇರಬೇಕೆ? ಎಲ್ಲಕ್ಕೂ ಒಂದೊಂದು ಕೈ ಹಾಕಿ ಜೂನ್ ಮುಗಿಯುವಾಗ ಯಾವುದೂ ಅರ್ಧ ದಾಟಿರುವುದಿಲ್ಲ. ಬಹಳ ಜನರ ಬೇಸಿಗೆ ಹೀಗೇ ಕಳೆದುಹೋಗುತ್ತದೆ.

ಆರಿಸುವ ಮೊದಲು ಅಳತೆಗೋಲು ಯಾವುದೆಂದು ಗೊತ್ತಿರಬೇಕು.

ಮೊದಲ ಸೆಮಿಸ್ಟರ್ ಏನು ಕೇಳುತ್ತದೆ

ರಾಜ್ಯದ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಫಿಸಿಕ್ಸ್‌ನ ಆರಂಭ ಮೆಕ್ಯಾನಿಕ್ಸ್ ಮತ್ತು ದ್ರವ್ಯದ ಗುಣಗಳಿಂದ: ಜಡತ್ವ ಮಹತ್ವ (ಮೊಮೆಂಟ್ ಆಫ್ ಇನರ್ಷಿಯಾ, ತಿರುಗಿಸಲು ಹೋದರೆ ವಸ್ತು ತೋರುವ ಜಡತೆಯ ಅಳತೆ), ಸ್ಥಿತಿಸ್ಥಾಪಕತೆ, ಮೇಲ್ಮೈ ಸೆಳೆತ, ಸ್ನಿಗ್ಧತೆ. ಹೆಸರು ನೋಡಿದರೆ ಎಲ್ಲವೂ ಪಿಯುಸಿಯಲ್ಲಿ ಬಂದುಹೋದವೇ. ವ್ಯತ್ಯಾಸ ಇರುವುದು ಕೇಳುವ ರೀತಿಯಲ್ಲಿ. ಸಿಇಟಿಯ ಫಿಸಿಕ್ಸ್ ಪತ್ರಿಕೆಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಅಂದರೆ ಪ್ರಶ್ನೆಗೆ 80 ಸೆಕೆಂಡು. ನಾಲ್ಕು ಉತ್ತರದಲ್ಲಿ ಎರಡನ್ನು ಹೊಡೆದುಹಾಕಿ ಉಳಿದೆರಡರಲ್ಲಿ ಒಂದನ್ನು ಊಹಿಸುವುದೂ ಅಲ್ಲಿ ಒಂದು ವಿದ್ಯೆ. ಪದವಿಯಲ್ಲಿ ಅದೇ ವಿಷಯದ ಮೇಲೆ ಒಂದೂವರೆ ಪುಟದ ಡಿರೈವೇಶನ್ ಬರೆಯಬೇಕು.

ಇದನ್ನು ಹತ್ತಿರದಿಂದ ನೋಡೋಣ. ತೆಳು ತಟ್ಟೆಯೊಂದರ ಜಡತ್ವ ಮಹತ್ವ, ಅದರ ಮಧ್ಯದಲ್ಲಿ ಲಂಬವಾಗಿ ಹಾಯುವ ಅಕ್ಷದ ಸುತ್ತ, ದ್ರವ್ಯರಾಶಿ ಇಂಟು ತ್ರಿಜ್ಯದ ವರ್ಗದ ಅರ್ಧ. ಪಿಯುಸಿ ಪುಸ್ತಕ ಇದನ್ನು ಕೋಷ್ಟಕದಲ್ಲಿ ಕೊಟ್ಟು ಮುಂದೆ ಹೋಗುತ್ತದೆ, ನೀವು ಬಾಯಿಪಾಠ ಮಾಡಿರುತ್ತೀರಿ. ಪದವಿಯಲ್ಲಿ ಅದನ್ನು ತೆಗೆದು ತೋರಿಸಬೇಕು. ತಟ್ಟೆಯನ್ನು ಈರುಳ್ಳಿ ಬಿಲ್ಲೆಯ ಹಾಗೆ ಸಣ್ಣ ಸಣ್ಣ ಉಂಗುರಗಳಾಗಿ ಬಿಡಿಸಿಕೊಳ್ಳಿ. ಒಂದು ಉಂಗುರದ ವಿಸ್ತೀರ್ಣ, ಅದರ ಸುತ್ತಳತೆ ಇಂಟು ಅದರ ಅಗಲ. ಆ ವಿಸ್ತೀರ್ಣವನ್ನು ತಟ್ಟೆಯ ಒಂದು ಚದರ ಮಾನದಲ್ಲಿರುವ ದ್ರವ್ಯರಾಶಿಯಿಂದ ಗುಣಿಸಿದರೆ ಉಂಗುರದ ದ್ರವ್ಯರಾಶಿ. ಅದನ್ನು ಮಧ್ಯದಿಂದ ಉಂಗುರಕ್ಕಿರುವ ದೂರದ ವರ್ಗದಿಂದ ಗುಣಿಸಿ ಸೊನ್ನೆಯಿಂದ ತ್ರಿಜ್ಯದವರೆಗೆ ಇಂಟಿಗ್ರೇಟ್ ಮಾಡಿದರೆ ಉತ್ತರ. ಇಲ್ಲಿ ಇಂಟಿಗ್ರೇಷನ್ ಸುಲಭ, ದೂರದ ಘನವನ್ನು ಇಂಟಿಗ್ರೇಟ್ ಮಾಡುವುದಷ್ಟೆ. ಎಡವುವುದು ಅದಕ್ಕಿಂತ ಒಂದು ಹೆಜ್ಜೆ ಮೊದಲು, ಉಂಗುರದ ದ್ರವ್ಯರಾಶಿಯನ್ನು ಬರೆಯುವಲ್ಲಿ. ಕೊಟ್ಟ ಇಂಟಿಗ್ರಲ್ ಬಿಡಿಸುವುದನ್ನು ಪಿಯುಸಿ ಕಲಿಸಿದೆ; ಇಂಟಿಗ್ರಲನ್ನು ತಾನೇ ಕಟ್ಟಿಕೊಳ್ಳುವುದನ್ನು ಕಲಿಸಿಲ್ಲ. ಮೊದಲ ವರ್ಷ ಫಿಸಿಕ್ಸ್ ಕಷ್ಟವೆಂದು ಅನಿಸುವುದರಲ್ಲಿ ಮುಕ್ಕಾಲು ಪಾಲು ಈ ಗಣಿತದ ಕೈ ಪಳಗದಿರುವುದರಿಂದ.

ಆದ್ದರಿಂದ ಪ್ರತಿಯೊಂದು ಆಯ್ಕೆಯನ್ನೂ ನಾಲ್ಕು ಪ್ರಶ್ನೆ ಕೇಳಿ ತೂಗಬೇಕು. ಕ್ಯಾಲ್ಕುಲಸ್‌ನಲ್ಲಿ ಕೈ ಓಡಿಸುತ್ತದೆಯೇ? ಲೆಕ್ಕವನ್ನು ನನ್ನಿಂದಲೇ ಮಾಡಿಸಿ, ಸರಿಯೋ ತಪ್ಪೋ ಹೇಳುತ್ತದೆಯೇ? ಹತ್ತು ವಾರದಲ್ಲಿ ಮುಗಿಯುತ್ತದೆಯೇ? ಎಷ್ಟು ದುಡ್ಡು?

ಮುಕ್ಕಾಲು ಗಂಟೆಯ ಪರೀಕ್ಷೆ

ಪುಸ್ತಕ ಕೊಳ್ಳುವ ಮೊದಲು ಈ ಆರನ್ನು 45 ನಿಮಿಷದಲ್ಲಿ, ಫೋನ್ ಪಕ್ಕಕ್ಕಿಟ್ಟು, ಕಾಗದದ ಮೇಲೆ ಮಾಡಿನೋಡಿ.

1. ಎಕ್ಸ್‌ನ ವರ್ಗ ಇಂಟು ಸೈನ್ 3ಎಕ್ಸ್: ಇದನ್ನು ಡಿಫರೆನ್ಶಿಯೇಟ್ ಮಾಡಿ.
2. ಎಕ್ಸ್ ಇಂಟು ಇ-ಯ ಮೈನಸ್ ಎಕ್ಸ್ ಘಾತ: ಸೊನ್ನೆಯಿಂದ ಅನಂತದವರೆಗೆ ಇಂಟಿಗ್ರೇಟ್ ಮಾಡಿ. (ಉತ್ತರ 1.)
3. ನಿಂತ ಸ್ಥಿತಿಯಿಂದ ಬೀಳುವ ಹನಿಗೆ ಗಾಳಿಯ ತಡೆ ವೇಗಕ್ಕೆ ಅನುಪಾತದಲ್ಲಿದೆ. ಸಮೀಕರಣ ಬರೆದು, ವೇಗ ಕಾಲದೊಂದಿಗೆ ಹೇಗೆ ಬದಲಾಗುತ್ತದೆಂದು ಬಿಡಿಸಿ ತೋರಿಸಿ.
4. ಲೋಲಕದ ಉದ್ದ ಶೇ 2ರಷ್ಟು ಹೆಚ್ಚಿದರೆ ಅವಧಿ ಶೇ ಎಷ್ಟು ಹೆಚ್ಚುತ್ತದೆ? ಕ್ಯಾಲ್ಕುಲೇಟರ್ ಬೇಡ. (ಶೇ 1.)
5. ಇಳಿಜಾರಿನ ಮೇಲಿರುವ ಪೆಟ್ಟಿಗೆಯನ್ನು ನೆಲಕ್ಕೆ ಸಮಾನಾಂತರವಾದ ಬಲದಿಂದ ಏರುವ ಕಡೆಗೆ ತಳ್ಳಲಾಗುತ್ತಿದೆ. ಎಲ್ಲ ಬಲಗಳ ಚಿತ್ರ ಬರೆದು, ಇಳಿಜಾರು ಪೆಟ್ಟಿಗೆಯನ್ನು ಎಷ್ಟು ಒತ್ತುತ್ತದೆಂದು ಹೇಳಿ.
6. ಮೇಲೆ ಹೇಳಿದ ತಟ್ಟೆಯ ಲೆಕ್ಕ, ಪುಸ್ತಕ ಮುಚ್ಚಿ.

ಐದನೆಯದರಲ್ಲಿ ಒತ್ತುಬಲ ತೂಕ ಇಂಟು ಕೊಸೈನ್ ಎಂದಷ್ಟೇ ಬರೆದಿದ್ದರೆ ಅದು ಬಾಯಿಪಾಠದ ಉತ್ತರ; ತಳ್ಳುವ ಬಲದ ಒಂದು ಭಾಗವೂ ಪೆಟ್ಟಿಗೆಯನ್ನು ಇಳಿಜಾರಿಗೆ ಒತ್ತುತ್ತದೆ. ಮೊದಲೆರಡರಲ್ಲೇ ತಡವರಿಸಿದವರು ಒಂದು ಗುಂಪು, ಮೂರು ಮತ್ತು ಆರರಲ್ಲಿ ನಿಂತವರು ಇನ್ನೊಂದು, ಆರನ್ನೂ ದಾಟಿದವರು ಮೂರನೆಯದು. ಕೆಳಗಿನ ಹೋಲಿಕೆಯಲ್ಲಿ ಈ ಗುಂಪುಗಳು ಮತ್ತೆ ಮತ್ತೆ ಬರುತ್ತವೆ. ಪಿಯುಸಿಯಲ್ಲಿ ಎಷ್ಟು ಅಂಕ ಬಂತು ಎಂಬುದನ್ನು ಸದ್ಯಕ್ಕೆ ಮರೆತುಬಿಡಿ.

ಪಿಯುಸಿ ಪುಸ್ತಕವನ್ನೇ ಮತ್ತೆ ಓದುವುದು

ಖರ್ಚು ಸೊನ್ನೆ. ಪುಸ್ತಕ ಮನೆಯಲ್ಲಿದೆ, ಇಲ್ಲದಿದ್ದರೆ ಎನ್‌ಸಿಇಆರ್‌ಟಿ ಜಾಲತಾಣದಲ್ಲಿ ಪಿಡಿಎಫ್ ಪುಕ್ಕಟೆ. ಮೊದಲ ಗುಂಪಿನವರಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ಆದರೆ ಫಿಸಿಕ್ಸ್ ಪುಸ್ತಕವಲ್ಲ, ಗಣಿತದ್ದು. ಎರಡನೇ ಪಿಯುಸಿ ಗಣಿತದ ಡಿಫರೆನ್ಶಿಯೇಷನ್, ಇಂಟಿಗ್ರೇಷನ್, ಡಿಫರೆನ್ಶಿಯಲ್ ಸಮೀಕರಣ, ವೆಕ್ಟರ್ ಅಧ್ಯಾಯಗಳ ಅಭ್ಯಾಸಗಳನ್ನು ಒಂದೂ ಬಿಡದೆ ಮಾಡಿದರೆ ನಾಲ್ಕು ವಾರ ಹಿಡಿಯುತ್ತದೆ. ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟ ‘ಇತರೆ ಅಭ್ಯಾಸ’ಗಳೇ ಹೆಚ್ಚು ಉಪಯೋಗದವು.

ಮಿತಿಯೂ ಇದೆ. ಇ-ಯ ಘಾತಕ್ಕೆ ಕಾಲ್ಪನಿಕ ಸಂಖ್ಯೆ ಹಾಕಿದರೆ ಸೈನ್ ಕೊಸೈನ್ ಹುಟ್ಟುವುದು, ಟೇಲರ್ ಸರಣಿ, ಭಾಗಶಃ ಡಿಫರೆನ್ಶಿಯೇಷನ್, ಎರಡನೇ ದರ್ಜೆಯ ಡಿಫರೆನ್ಶಿಯಲ್ ಸಮೀಕರಣ, ಪೋಲಾರ್ ನಿರ್ದೇಶಾಂಕಗಳಲ್ಲಿ ಇಂಟಿಗ್ರೇಷನ್ ಇವು ಈ ಪುಸ್ತಕಗಳಲ್ಲಿ ಇಲ್ಲ. ಕಾಲೇಜಿನಲ್ಲಿ ಗಣಿತದ ಮೇಷ್ಟರು ಇವನ್ನು ಮಾಡುವ ಮೊದಲೇ ಫಿಸಿಕ್ಸ್ ಮೇಷ್ಟರಿಗೆ ಬೇಕಾಗಿಬಿಡುತ್ತವೆ. ಪಠ್ಯ ಕಡಿತದಲ್ಲಿ ಮೊದಲ ಪಿಯುಸಿ ಗಣಿತದ ಪುಸ್ತಕದಿಂದ ಗಣಿತೀಯ ಅನುಗಮನದ (ಮ್ಯಾಥಮ್ಯಾಟಿಕಲ್ ಇಂಡಕ್ಷನ್) ಅಧ್ಯಾಯವೂ ಹೋಗಿದೆ. ಗಣಿತವನ್ನು ಜೊತೆ ವಿಷಯವಾಗಿ ತೆಗೆದುಕೊಳ್ಳುವವರು ಅದನ್ನು ಹಳೆಯ ಮುದ್ರಣದಲ್ಲಿ ಹುಡುಕಿ ಓದಿಕೊಳ್ಳುವುದು ಮೇಲು.

ಇದರ ಜೊತೆಗೆ ಒಂದು ಹಳೆಯ ಪುಸ್ತಕ ಹೇಳಬೇಕು: ಸಿಲ್ವೇನಸ್ ಥಾಂಪ್ಸನ್ 1910ರಲ್ಲಿ ಬರೆದ ‘ಕ್ಯಾಲ್ಕುಲಸ್ ಮೇಡ್ ಈಸಿ’. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ. ‘ಡಿಎಕ್ಸ್’ ಅಂದರೆ ಎಕ್ಸ್‌ನ ಒಂದು ಚೂರು ಎಂದು ಅದು ಶುರುಮಾಡುತ್ತದೆ. ಗಣಿತದ ಮಡಿವಂತರಿಗೆ ಇದು ಹಿಡಿಸುವುದಿಲ್ಲ, ಆದರೆ ಉಂಗುರದ ದ್ರವ್ಯರಾಶಿ ಬರೆಯಲು ಬೇಕಾದ ಕಣ್ಣು ಇದೇ.

ಎಚ್.ಸಿ. ವರ್ಮಾ

ಇವರ ‘ಕಾನ್ಸೆಪ್ಟ್ಸ್ ಆಫ್ ಫಿಸಿಕ್ಸ್’ 1992ರಿಂದ ಚಾಲ್ತಿಯಲ್ಲಿದೆ: ಎರಡು ಭಾಗ, 47 ಅಧ್ಯಾಯ. ಹೊಸದಕ್ಕೆ ಎರಡೂ ಸೇರಿ ಸಾವಿರ ರೂಪಾಯಿಯ ಆಸುಪಾಸು. ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ ಹಳೆಯ ಪ್ರತಿಗೆ ಅದಕ್ಕಿಂತ ಬಹಳ ಕಡಿಮೆ. ಪದವಿಗೆ ಮುಂಚಿನ ಈ ತಯಾರಿಗೆ ಮೊದಲ ಭಾಗವೊಂದೇ ಸಾಕು, ಅದರಲ್ಲೂ ಮೆಕ್ಯಾನಿಕ್ಸ್. ಎರಡನೇ ಅಧ್ಯಾಯವನ್ನು ಜನ ಹಾರಿಸುತ್ತಾರೆ. ವೆಕ್ಟರ್, ಡಿಫರೆನ್ಶಿಯೇಷನ್, ಇಂಟಿಗ್ರೇಷನ್, ಸಾರ್ಥಕ ಅಂಕಿ, ಅಳತೆಯ ದೋಷ ಎಲ್ಲವೂ ಅಲ್ಲಿ ಫಿಸಿಕ್ಸ್‌ಗೆ ಬೇಕಾದಷ್ಟು ಪ್ರಮಾಣದಲ್ಲಿವೆ. ಹಾರಿಸಬೇಡಿ.

ಮೇಲಿನ ನಾಲ್ಕು ಪ್ರಶ್ನೆಗಳಲ್ಲಿ ಎರಡನೆಯದಕ್ಕೆ ಈ ಪುಸ್ತಕ ಚೆನ್ನಾಗಿ ಉತ್ತರಿಸುತ್ತದೆ: ಅಭ್ಯಾಸದ ಲೆಕ್ಕಗಳಿಗೆಲ್ಲ ಉತ್ತರ ಕೊಟ್ಟಿದೆ, ಬಿಡಿಸಿದ ವಿಧಾನ ಕೊಟ್ಟಿಲ್ಲ. ಉತ್ತರ ತಾಳೆಯಾಗದಿದ್ದರೆ ತಪ್ಪೆಲ್ಲಿ ಎಂದು ನೀವೇ ಹುಡುಕಬೇಕು. ಕಲಿಯುವುದು ಆ ಹುಡುಕಾಟದಲ್ಲೇ. ಕೆಡುವುದೂ ಅಲ್ಲೇ. ಬಿಡಿಸಿದ ಉತ್ತರಗಳು ಇಂಟರ್ನೆಟ್‌ನಲ್ಲಿ ತುಂಬಿ ತುಳುಕುತ್ತಿವೆ, ಈಗ ಎಐ ಚಾಟ್‌ಬಾಟ್ ಕೂಡ ಕೇಳಿದ ತಕ್ಷಣ ಬಿಡಿಸಿಕೊಡುತ್ತದೆ. ಒಂದು ಲೆಕ್ಕಕ್ಕೆ ಕನಿಷ್ಠ 20 ನಿಮಿಷ ಒದ್ದಾಡಿ, ಆಮೇಲೆ ನೋಡಿ, ನೋಡಿದ್ದನ್ನು ಮುಚ್ಚಿ ಮಾರನೇ ದಿನ ಮತ್ತೆ ಬರೆಯಿರಿ. ಅಧ್ಯಾಯಕ್ಕೆ 15 ಲೆಕ್ಕ ಸಾಕು, ಎಲ್ಲ ಮಾಡಬೇಕೆಂದು ಕೂತರೆ ಮೂರನೇ ಅಧ್ಯಾಯದಲ್ಲಿ ಜುಲೈ ಬಂದಿರುತ್ತದೆ. ‘ಷಾರ್ಟ್ ಆನ್ಸರ್’ ಪ್ರಶ್ನೆಗಳನ್ನು ಮಾತ್ರ ಒಂದೂ ಬಿಡಬೇಡಿ. ವೈವಾದಲ್ಲಿ, ಅಂದರೆ ಪ್ರಯೋಗ ಪರೀಕ್ಷೆಯ ಮೌಖಿಕ ಪ್ರಶ್ನೆಗಳಲ್ಲಿ, ಅಂಥವೇ ಬರುವುದು.

ಜೆಇಇಗೆಂದು ಇದನ್ನು ಒಮ್ಮೆ ಅರೆದು ಕುಡಿದವರು ಮತ್ತೆ ಹಿಡಿಯುವ ಅಗತ್ಯವಿಲ್ಲ. ಅವರಿಗೆ ಮುಂದಿನದು.

ವಿಶ್ವವಿದ್ಯಾಲಯ ಮಟ್ಟದ ಪುಸ್ತಕ: ಓಪನ್‌ಸ್ಟ್ಯಾಕ್ಸ್ ಮತ್ತು ಫೈನ್‌ಮನ್

ಇವೆರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದೇ ತಪ್ಪು. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಹೊರತಂದ ‘ಯೂನಿವರ್ಸಿಟಿ ಫಿಸಿಕ್ಸ್’ ಮೂರು ಸಂಪುಟ, ಪಿಡಿಎಫ್ ಪುಕ್ಕಟೆ. ಕ್ಯಾಲ್ಕುಲಸನ್ನು ಮೊದಲಿನಿಂದಲೇ ಬಳಸುತ್ತದೆ, ಬಿಡಿಸಿದ ಉದಾಹರಣೆ ಹೇರಳ. ಬರವಣಿಗೆ ಸಪ್ಪೆ, ಆದರೆ ಇಂಗ್ಲಿಷ್ ಸರಳ. ಎರಡನೇ ಗುಂಪಿನವರಿಗೆ ಮೊದಲ ಸಂಪುಟದ ಮೆಕ್ಯಾನಿಕ್ಸ್ ಭಾಗ ಹೇಳಿಮಾಡಿಸಿದ್ದು. ವರ್ಮಾ ಕೊಳ್ಳಲು ದುಡ್ಡಿಲ್ಲದಿದ್ದರೆ ಅದರ ಜಾಗವನ್ನೂ ಇದು ತುಂಬುತ್ತದೆ. ಫೋನಿನ ಪರದೆಯಲ್ಲಿ ಓದಿದರೆ ಲೆಕ್ಕ ಮಾಡುವ ಮನಸ್ಸು ಬರುವುದಿಲ್ಲ. ಬೇಕಾದ ನಾಲ್ಕೈದು ಅಧ್ಯಾಯಗಳ ಪ್ರಶ್ನೆಪುಟಗಳನ್ನಷ್ಟೇ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಳ್ಳಿ.

ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರ ಉಪನ್ಯಾಸಗಳು 1961ರಿಂದ 63ರವರೆಗೆ ಅಮೆರಿಕದ ಕ್ಯಾಲ್ಟೆಕ್‌ನ ಮೊದಲ ಎರಡು ವರ್ಷದ ವಿದ್ಯಾರ್ಥಿಗಳಿಗೆ ಕೊಟ್ಟವು. ಇಡೀ ಪಠ್ಯವನ್ನು ಕ್ಯಾಲ್ಟೆಕ್ ತನ್ನ ಜಾಲತಾಣದಲ್ಲಿ ಪುಕ್ಕಟೆ ಇಟ್ಟಿದೆ. ಓದುತ್ತಿದ್ದರೆ ಎಲ್ಲ ತಿಳಿದಂತೆಯೇ ಅನಿಸುತ್ತದೆ, ಪೆನ್ನು ಹಿಡಿದರೆ ಏನೂ ಬರುವುದಿಲ್ಲ. ತರಗತಿಯ ವಿದ್ಯಾರ್ಥಿಗಳ ದೃಷ್ಟಿಯಿಂದ ತಾನು ಅಷ್ಟೇನೂ ಚೆನ್ನಾಗಿ ಮಾಡಲಿಲ್ಲವೇನೋ ಎಂಬ ಸಂಶಯವನ್ನು ಫೈನ್‌ಮನ್ ಮುನ್ನುಡಿಯಲ್ಲೇ ತೋಡಿಕೊಂಡಿದ್ದಾರೆ. ಆದ್ದರಿಂದ ಮುಖ್ಯ ಪಠ್ಯವಾಗಿ ಬೇಡ, ಭಾನುವಾರದ ಓದಾಗಿ ಇರಲಿ. ಮೊದಲ ಸಂಪುಟದ ಎರಡು ಅಧ್ಯಾಯಗಳು ಮಾತ್ರ ಇದಕ್ಕೆ ಹೊರತು. 22ನೆಯದು ಬೀಜಗಣಿತ: ಕೂಡುವುದರಿಂದ ಹೊರಟು ಸೈನ್ ಕೊಸೈನ್‌ಗೂ ಇ-ಯ ಕಾಲ್ಪನಿಕ ಘಾತಕ್ಕೂ ಇರುವ ನಂಟಿಗೆ ಬಂದು ನಿಲ್ಲುತ್ತದೆ; ಪಿಯುಸಿ ಗಣಿತದ ಒಂದು ಕಂದಕವನ್ನು ಅದೊಂದೇ ಮುಚ್ಚುತ್ತದೆ. 9ನೆಯದರಲ್ಲಿ ಗ್ರಹದ ಚಲನೆಯನ್ನು ಚಿಕ್ಕ ಚಿಕ್ಕ ಕಾಲದ ಹೆಜ್ಜೆಗಳಲ್ಲಿ ಕೈಯಲ್ಲೇ ಲೆಕ್ಕಹಾಕಿ ತೋರಿಸುತ್ತಾರೆ. ಪೈಥಾನ್ ಕಲಿಯುವವರು ಇಲ್ಲಿಂದಲೇ ಹೊರಡಬಹುದು.

ವಿಡಿಯೊ ಪಾಠಗಳು

ಎಂಐಟಿ ಓಪನ್‌ಕೋರ್ಸ್‌ವೇರ್, ನಮ್ಮ ಐಐಟಿ ಮತ್ತು ಐಐಎಸ್‌ಸಿಗಳ ಎನ್‌ಪಿಟಿಇಎಲ್, ಖಾನ್ ಅಕಾಡೆಮಿ ಮೂರೂ ಪುಕ್ಕಟೆ. ಎನ್‌ಪಿಟಿಇಎಲ್‌ನಲ್ಲಿ ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ, ಈ ಹಂತದಲ್ಲಿ ಅದರ ಅಗತ್ಯವಿಲ್ಲ. ಮೊದಲ ಗುಂಪಿಗೆ ಖಾನ್ ಅಕಾಡೆಮಿಯ ಕ್ಯಾಲ್ಕುಲಸ್ ಒಳ್ಳೆಯದು. ಚಿಕ್ಕ ಪಾಠ, ಪ್ರತಿಯೊಂದರ ಬೆನ್ನಿಗೇ ಅಭ್ಯಾಸ, ಸರಿ ತಪ್ಪು ಅಲ್ಲೇ ಗೊತ್ತಾಗುತ್ತದೆ. ಎರಡನೇ ಮತ್ತು ಮೂರನೇ ಗುಂಪಿಗೆ ಎಂಐಟಿಯ 18.01 ಕ್ಯಾಲ್ಕುಲಸ್, ಅದೂ ಪ್ರಶ್ನೆಪತ್ರಿಕೆ ಮತ್ತು ಉತ್ತರಗಳಿರುವ ಸ್ವಾಧ್ಯಯನ ಆವೃತ್ತಿ.

ವಿಡಿಯೊದ ದೋಷ ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಬೀಳುತ್ತಾರೆ: ಒಂದೂವರೆ ಪಟ್ಟು ವೇಗದಲ್ಲಿ ನಲವತ್ತು ಪಾಠ ನೋಡಿ ಮುಗಿಸಿ, ಒಂದು ಲೆಕ್ಕವನ್ನೂ ಮಾಡದಿರುವುದು. ದಡದಲ್ಲಿ ಕೂತು ಈಜು ನೋಡಿದ ಹಾಗೆ. ಒಂದು ಗಂಟೆ ವಿಡಿಯೊಗೆ ಎರಡು ಗಂಟೆ ಕಾಗದದ ಕೆಲಸ ಎಂಬ ಲೆಕ್ಕ ಇಟ್ಟುಕೊಳ್ಳಲಾಗದಿದ್ದರೆ ಪುಸ್ತಕವೇ ವಾಸಿ. ಕ್ವಾಂಟಮ್, ರಿಲೇಟಿವಿಟಿ, ಕಪ್ಪುಕುಳಿಗಳ ವಿಡಿಯೊ ನೋಡುವುದನ್ನು ಬಿಡಬೇಕಿಲ್ಲ. ಫಿಸಿಕ್ಸ್ ಕಡೆಗೆ ಎಳೆದದ್ದೇ ಬಹುಶಃ ಅವು. ಊಟದ ಹೊತ್ತಿಗೆ ನೋಡಿ, ತಯಾರಿಯ ಗಂಟೆಗಳಲ್ಲಿ ಸೇರಿಸಬೇಡಿ.

ದುಡ್ಡು ಕೊಟ್ಟು ಸೇರುವ ಕೋರ್ಸ್

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ನಾನು ಬರೆದ ಡಿರೈವೇಶನನ್ನು ಯಾರಾದರೂ ಓದಿ ಕೆಂಪು ಶಾಯಿಯಲ್ಲಿ ತಿದ್ದುತ್ತಾರೆಯೇ? ಹೌದಾದರೆ ಕೊಟ್ಟ ದುಡ್ಡಿಗೆ ಬೆಲೆಯಿದೆ, ಏಕೆಂದರೆ ಉಳಿದ ಯಾವ ಆಯ್ಕೆಯಲ್ಲೂ ಅದು ಸಿಗುವುದಿಲ್ಲ. ಇಲ್ಲವಾದರೆ ಪುಕ್ಕಟೆ ವಿಡಿಯೊವನ್ನೇ ದುಡ್ಡಿಗೆ ನೋಡಿದಂತೆ. ಹಲವು ಪದವಿ ಕಾಲೇಜುಗಳು ತರಗತಿ ಆರಂಭದಲ್ಲಿ ತಾವೇ ಚಿಕ್ಕ ಬ್ರಿಡ್ಜ್ ಕೋರ್ಸ್ ನಡೆಸುತ್ತವೆ, ಸೇರುವಾಗಲೇ ವಿಚಾರಿಸಿ. ಊರಲ್ಲಿ ಎಂಎಸ್ಸಿ ಓದುತ್ತಿರುವವರು ಇದ್ದರೆ, ವಾರಕ್ಕೆ ಒಂದು ಗಂಟೆ ಅವರ ಮುಂದೆ ಎರಡು ಡಿರೈವೇಶನ್ ಬರೆದು ತೋರಿಸುವ ಏರ್ಪಾಡು ದೊಡ್ಡ ಕೋಚಿಂಗಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಪೈಥಾನ್ ಮತ್ತು ಮನೆಯ ಪ್ರಯೋಗ

ಜೊತೆ ವಿಷಯವಾಗಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರು ಪೈಥಾನನ್ನು ಈಗ ಬಿಡಬಹುದು, ಹೇಗೂ ಪ್ರೋಗ್ರಾಮಿಂಗ್ ಅಲ್ಲಿ ಬರುತ್ತದೆ. ಕೆಮಿಸ್ಟ್ರಿ ತೆಗೆದುಕೊಂಡವರಿಗೂ ಐಐಎಸ್‌ಸಿ, ಐಸರ್‌ನಂಥ ಸಂಶೋಧನಾ ಸಂಸ್ಥೆಗಳಿಗೆ ಹೋಗುವವರಿಗೂ ಹತ್ತು ಹದಿನೈದು ಗಂಟೆ ಕೊಡುವುದು ಲಾಭ. ಲ್ಯಾಪ್‌ಟಾಪ್ ಬೇಕಿಲ್ಲ, ಪೈಥಾನ್ ಬರೆದು ಓಡಿಸುವ ಗೂಗಲ್ ಕೊಲ್ಯಾಬ್ ಫೋನಿನ ಬ್ರೌಸರಿನಲ್ಲೂ ನಡೆಯುತ್ತದೆ, ಕಷ್ಟಪಟ್ಟಾದರೂ.

ಗುರಿ ಒಂದೇ ಇರಲಿ: ಒಂದು ಮೀಟರ್ ಉದ್ದದ ಲೋಲಕದ ಚಲನೆ. ಕಾಲದ ಹೆಜ್ಜೆ 0.01 ಸೆಕೆಂಡು. ಪ್ರತಿ ಹೆಜ್ಜೆಯಲ್ಲಿ ಹಳೆಯ ವೇಗದಿಂದ ಹೊಸ ಕೋನ, ಹಳೆಯ ಕೋನದಿಂದ ಹೊಸ ವೇಗ ಲೆಕ್ಕಹಾಕುವ ಪ್ರೋಗ್ರಾಂ ಬರೆದರೆ, 5 ಡಿಗ್ರಿಯಿಂದ ಬಿಟ್ಟ ಲೋಲಕ 10 ಸೆಕೆಂಡಿನಲ್ಲಿ 8 ಡಿಗ್ರಿ ದಾಟಿ ತೂಗತೊಡಗುತ್ತದೆ. ತಳ್ಳುವವರಿಲ್ಲದ ಉಯ್ಯಾಲೆ ತಾನೇ ಏರುತ್ತಿದೆ! ಪ್ರೋಗ್ರಾಮಿನಲ್ಲಿ ತಪ್ಪಿಲ್ಲ, ವಿಧಾನದಲ್ಲಿದೆ. ಪ್ರತಿ ಹೆಜ್ಜೆಗೂ ಶಕ್ತಿ ಸುಮಾರು ಸಾವಿರದಲ್ಲೊಂದು ಪಾಲು ಹೆಚ್ಚುತ್ತ ಹೋಗುತ್ತದೆ. ಮೊದಲು ಹೊಸ ವೇಗ ಲೆಕ್ಕಹಾಕಿ, ಆ ಹೊಸ ವೇಗದಿಂದ ಕೋನವನ್ನು ಮುಂದೂಡಿದರೆ ರೋಗ ವಾಸಿ. ಹಳೆಯ ವೇಗದ ಜಾಗದಲ್ಲಿ ಹೊಸ ವೇಗ ಹಾಕಿದರೆ ಸಾಕು. ಸಿಂಟ್ಯಾಕ್ಸ್ ಉರುಹೊಡೆಯುವುದಕ್ಕಿಂತ ಈ ಒಂದು ಸಂಜೆಯಲ್ಲಿ ಹೆಚ್ಚು ಫಿಸಿಕ್ಸ್ ಇದೆ. ಪೈಥಾನಿನ ಸೈನ್‌ಗೆ ಡಿಗ್ರಿ ಕೊಡಬೇಡಿ, ಅದು ರೇಡಿಯನ್‌ನಲ್ಲಿ ಲೆಕ್ಕ ಮಾಡುತ್ತದೆ. ಘಾತಕ್ಕೆ ಎರಡು ನಕ್ಷತ್ರ ಚಿಹ್ನೆ.

ಅದೇ ಲೋಲಕವನ್ನು ದಾರ ಮತ್ತು ನಟ್ಟಿನಿಂದ ಮನೆಯಲ್ಲೂ ಕಟ್ಟಿ. ಅವಧಿ ಸುಮಾರು 2 ಸೆಕೆಂಡು. ಸ್ಟಾಪ್‌ವಾಚ್ ಒತ್ತುವ ಕೈಯ ತಡ 0.2 ಸೆಕೆಂಡು ಎಂದುಕೊಂಡರೆ, ಒಂದೇ ತೂಗು ಅಳೆದಾಗ ಅವಧಿಯಲ್ಲಿ ಶೇ 10 ದೋಷ. ಗುರುತ್ವ ವೇಗೋತ್ಕರ್ಷಕ್ಕೆ ಬರುವಾಗ ವರ್ಗವಾಗುವುದರಿಂದ ಶೇ 20. ಇಪ್ಪತ್ತು ತೂಗು ಅಳೆದರೆ ಅದು ಶೇ 1ಕ್ಕೆ ಇಳಿಯುತ್ತದೆ. 30 ಡಿಗ್ರಿಗೆ ಎಳೆದು ಬಿಟ್ಟರೆ ಅವಧಿ ಶೇ 1.7ರಷ್ಟು ಹಿಗ್ಗಿ ಉತ್ತರ ಶೇ 3ಕ್ಕಿಂತ ಹೆಚ್ಚು ತಗ್ಗುತ್ತದೆ, ಎಷ್ಟು ಸಲ ಅಳೆದರೂ ಹೋಗದ ದೋಷ ಇದು. ಬಿಎಸ್ಸಿ ಪ್ರಯೋಗಾಲಯದಲ್ಲಿ ಇದೇ ಲೆಕ್ಕ ದಿನವೂ ಬೇಕು. ಯಂಗ್ ಗುಣಾಂಕ ಅಳೆಯುವ ಕ್ಯಾಂಟಿಲಿವರ್ ಪ್ರಯೋಗದಲ್ಲಿ (ಒಂದು ತುದಿ ಬಿಗಿದ ಪಟ್ಟಿಯ ಇನ್ನೊಂದು ತುದಿಗೆ ಭಾರ ತೂಗುಹಾಕುವುದು) ಪಟ್ಟಿಯ ದಪ್ಪದ ಘನ ಬರುತ್ತದೆ. 5 ಮಿಲಿಮೀಟರ್ ದಪ್ಪವನ್ನು ವರ್ನಿಯರ್‌ನಲ್ಲಿ 0.1 ತಪ್ಪಿ ಅಳೆದರೆ ಉತ್ತರ ಶೇ 6 ಹೋಯಿತು, ಸ್ಕ್ರೂ ಗೇಜ್‌ನಲ್ಲಿ 0.01 ತಪ್ಪಿದರೆ ಶೇ 0.6. ಯಾವ ಉಪಕರಣ ಎಲ್ಲಿ ಎಂದು ವೈವಾದಲ್ಲಿ ಕೇಳುವುದು ಇದಕ್ಕೇ. ಪಿಯುಸಿಯಲ್ಲಿ ಪ್ರಯೋಗಗಳನ್ನು ಕಾಟಾಚಾರಕ್ಕೆ ಮುಗಿಸಿದವರು ಮನೆಯಲ್ಲಿ ಮೂರು ಸಂಜೆ ಇದಕ್ಕೆ ಕೊಡಲಿ.

ಯಾರಿಗೆ ಯಾವುದು

ವಾರಕ್ಕೆ 12 ಗಂಟೆಯಂತೆ ಹತ್ತು ವಾರಕ್ಕೆ 120 ಗಂಟೆ ಸಿಗುತ್ತದೆ. ಮೊದಲ ಗುಂಪಿನವರು ಅದರಲ್ಲಿ 80 ಗಂಟೆಯನ್ನು ಪಿಯುಸಿ ಗಣಿತ, ಥಾಂಪ್ಸನ್ ಮತ್ತು ಖಾನ್ ಅಕಾಡೆಮಿಗೆ ಕೊಟ್ಟು, ಉಳಿದದ್ದರಲ್ಲಿ ವರ್ಮಾ ಪುಸ್ತಕದ ಬಲ, ಕೆಲಸ ಮತ್ತು ಶಕ್ತಿ, ಭ್ರಮಣ ಈ ಮೂರನ್ನಷ್ಟೇ ಮಾಡಲಿ. ಪೈಥಾನ್ ಬೇಡ. ಎರಡನೇ ಗುಂಪು ಗಣಿತಕ್ಕೂ ಮೆಕ್ಯಾನಿಕ್ಸ್ ಲೆಕ್ಕಕ್ಕೂ 50–50 ಗಂಟೆ ಹಂಚಿ, ಮಿಕ್ಕ 20ನ್ನು ದೋಷದ ಲೆಕ್ಕ ಮತ್ತು ಪೈಥಾನ್‌ಗೆ ಇಡಬಹುದು. ಮೂರನೇ ಗುಂಪಿನವರು ಪಿಯುಸಿ ಬದಿಗಿಟ್ಟು ಭಾಗಶಃ ಡಿಫರೆನ್ಶಿಯೇಷನ್, ಎರಡನೇ ದರ್ಜೆಯ ಸಮೀಕರಣ, ಟೇಲರ್ ಸರಣಿಗೆ ನೇರವಾಗಿ ಹೋಗಲಿ.

ಬಜೆಟ್ ಪೂರಾ ಸೊನ್ನೆಯಾದರೂ ಎನ್‌ಸಿಇಆರ್‌ಟಿ ಗಣಿತ, ಥಾಂಪ್ಸನ್, ಓಪನ್‌ಸ್ಟ್ಯಾಕ್ಸ್ ಮೂರರಲ್ಲಿ ಕೆಲಸ ನಡೆಯುತ್ತದೆ; ಕಮ್ಮಿಯಾಗುವುದು ತಿದ್ದುವವರೊಬ್ಬರೇ. ಐನೂರು ರೂಪಾಯಿ ಇದ್ದರೆ ವರ್ಮಾ ಮೊದಲ ಭಾಗದ ಹಳೆಯ ಪ್ರತಿ ಮತ್ತು ಎರಡು ದಪ್ಪ ನೋಟ್‌ಬುಕ್.

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಕೆಲಸ ಹೆಚ್ಚು. ಮನೆಮಾತಿನಲ್ಲಿ ‘ಶಕ್ತಿ’ ಎಂದರೆ ಎನರ್ಜಿಯೂ ಹೌದು, ಪವರ್ ಕೂಡ, ಕೆಲವೊಮ್ಮೆ ಫೋರ್ಸ್ ಸಹ. ‘ತೂಕ’ ಮಾಸ್‌ಗೂ ವೇಯ್ಟ್‌ಗೂ ಒಂದೇ. ಶಾಲೆಯ ಪುಸ್ತಕ ಶಕ್ತಿ, ಸಾಮರ್ಥ್ಯ, ಬಲ ಎಂದೂ, ದ್ರವ್ಯರಾಶಿ, ತೂಕ ಎಂದೂ, ಜವ, ವೇಗ ಎಂದೂ ಬಿಡಿಸಿ ಹೇಳಿಕೊಟ್ಟಿತ್ತು. ಪಿಯುಸಿಯ ಇಂಗ್ಲಿಷಿನ ಅವಸರದಲ್ಲಿ ಅದು ಮಸುಕಾಗಿರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಪುಟಕ್ಕೆ ಒಂದು ಪದ: ಇಂಗ್ಲಿಷ್ ಹೆಸರು, ಶಾಲೆಯ ಕನ್ನಡ ಹೆಸರು, ಮಾನ, ಒಂದು ಸಾಲಿನ ವ್ಯಾಖ್ಯೆ ಇಂಗ್ಲಿಷಿನಲ್ಲಿ. ನೂರು ಪದ ತುಂಬಿದರೆ ಮೊದಲ ಸೆಮಿಸ್ಟರಿಗೆ ಬೇಕಾದಷ್ಟಾಯಿತು.

ರಾಜ್ಯದಲ್ಲಿ 2024–25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ, ಜೊತೆಗೆ ಇನ್ನೆರಡು ವಿಷಯಗಳೂ ಇರುತ್ತವೆ; ಕಾಲೇಜು ಶುರುವಾದ ಮೇಲೆ ಹಿಂದುಳಿದ ಗಣಿತವನ್ನು ಹಿಡಿಯಲು ಬಿಡುವು ಸಿಗುವುದು ಕಷ್ಟ. ಐದನೇ ವಾರದ ಕೊನೆಯಲ್ಲಿ ಆ ಆರು ಪ್ರಶ್ನೆಗಳನ್ನು, ಅಂಕಿ ಮತ್ತು ಆಕಾರ ಬದಲಿಸಿ, ಮತ್ತೆ ಬಿಡಿಸಿ. ತಟ್ಟೆಯ ಬದಲು ಸಲಾಕೆ ತೆಗೆದುಕೊಳ್ಳಿ, ಹನಿಯ ಬದಲು ಮೇಲಕ್ಕೆಸೆದ ಚೆಂಡು. ಮೂರನೆಯದೂ ಆರನೆಯದೂ ಆಗಲೂ ನಿಂತಲ್ಲೇ ನಿಂತಿದ್ದರೆ ಪೈಥಾನ್, ಫೈನ್‌ಮನ್ ಎರಡನ್ನೂ ಕಪಾಟಿಗೆ ಸೇರಿಸಿ, ಉಳಿದ ಐದು ವಾರವನ್ನೂ ಕ್ಯಾಲ್ಕುಲಸ್‌ಗೇ ಕೊಡಿ.